ತೊಲೇದೊದಲ್ಲಿ ಒಂದು ದಿನ

(ಶತಮಾನೋತ್ಸವದ ಅಂಗವಾಗಿ ಜರಗಿದ ಹಳೆವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



‘ವಿದೇಶದಲ್ಲಿ ಉನ್ನತ ಶಿಕ್ಷಣ’ ಎಂಬ ವಿಷಯದ ಮೇಲೆ ನಾನು ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಕೊಡಿಸಿದ್ದರು. ಅದಕ್ಕೆ ನಾನು ಯೋಗ್ಯ ವ್ಯಕ್ತಿಯಲ್ಲ. ಸ್ಪೇನಿನ ಮಾದ್ರಿದ್ ನಗರದಲ್ಲಿ ವಿದ್ಯಾರ್ಥಿಯಾಗಿ ಕಳೆದದ್ದು ಒಂದೇ ವರ್ಷ. ಅದರಲ್ಲಿ ಅರ್ಧ ಪರೀಕ್ಷೆಯ ಭಯದಲ್ಲಿಯೇ ಕಳೆಯಿತು. ಅದಕ್ಕೆ ಬದಲಾಗಿ, ಆ ವರ್ಷದ ಒಂದು ಶನಿವಾರದ ಕಥೆಯನ್ನು ಹೇಳಲು ತಮ್ಮ ಅನುಮತಿ ಬೇಡುತ್ತೇನೆ.

ಮಾದ್ರಿದಿನ ಆತೋಚಾ ನಿಲ್ದಾಣದಿಂದ ತೊಲೇದೊಗೆ ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಇಳಿದೊಡನೆ ಕಾಣುವ ನಿಲ್ದಾಣವೇ ಒಂದು ಅರಮನೆಯಂತಿದೆ: ಇಟ್ಟಿಗೆಯ ಕಮಾನು, ಬಣ್ಣದ ಹೆಂಚು, ಮರದ ಕೆತ್ತನೆ. ಅದು 1919ರದು, ಸರಿಸುಮಾರು ನಮ್ಮ ಶಾಲೆಯ ಓರಗೆಯದು. ಅಲ್ಲಿಂದ ನಡೆದರೆ ತಾಹೊ ನದಿ. ಊರಿನ ಮೂರು ದಿಕ್ಕಿಗೂ ಸುತ್ತುಹಾಕಿ, ಬಂಡೆಗಳ ನಡುವೆ ಆಳದಲ್ಲಿ ಹರಿದು, ಕೊನೆಗೆ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಕಡಲನ್ನು ಸೇರುವ ನದಿ ಅದು. ದಾಟುವ ಸೇತುವೆಯ ಹೆಸರು ಆಲ್ಕಾಂತರ. ಅರಬ್ಬಿಯಲ್ಲಿ ಆ ಪದದ ಅರ್ಥವೇ ಸೇತುವೆ. ಆದ್ದರಿಂದ ಸ್ಪೇನಿನವರು ದಿನನಿತ್ಯ ‘ಸೇತುವೆ ಸೇತುವೆ’ ಎಂದು ಹೇಳುತ್ತಿದ್ದಾರೆ! ಊರಿನ ಮುಖ್ಯ ಚೌಕ ಸೊಕೊದೊವೆರ್. ಅದೂ ಅರಬ್ಬಿಯೇ, ದನಕುದುರೆಗಳ ಸಂತೆ ಎಂದರ್ಥ. 1085ರಲ್ಲಿ ಆರನೆಯ ಅಲ್ಫೋನ್ಸೊ ರಾಜನು ಈ ನಗರವನ್ನು ಮುಸ್ಲಿಂ ಅರಸರಿಂದ ವಶಪಡಿಸಿಕೊಂಡ. ಆಳುವವರು ಬದಲಾದರು, ಹೆಸರುಗಳು ಉಳಿದವು.

ಚೌಕದಿಂದ ಮುಂದೆ ಗಲ್ಲಿಗಳು. ಎರಡು ಕೈ ಚಾಚಿದರೆ ಎರಡು ಗೋಡೆ ತಾಗುವಂಥವು. ನನ್ನ ದೂರವಾಣಿಯ ನಕಾಶೆ ಅಲ್ಲಿ ಸೋತಿತು; ನಾನೂ ಸೋತೆ. ದಾರಿ ತಪ್ಪಿ ಮುಟ್ಟಿದ್ದು ಒಂದು ಪುಟ್ಟ ಮಸೀದಿಯನ್ನು. 999ರಲ್ಲಿ ಕಟ್ಟಿದ್ದು, ಎಂದರೆ ನಮ್ಮ ರನ್ನ ಕವಿ ಕಾವ್ಯ ಬರೆಯುತ್ತಿದ್ದ ಕಾಲದ್ದು. ಒಳಗೆ ಒಂಬತ್ತು ಅಂಕಣ. ಒಂಬತ್ತಕ್ಕೂ ಬೇರೆ ಬೇರೆ ವಿನ್ಯಾಸದ ಛಾವಣಿ. ಮುಂದೆ ಅದು ಇಗರ್ಜಿಯಾಯಿತು. ಆದರೂ ಹೊರಗೋಡೆಯ ಇಟ್ಟಿಗೆಗಳಲ್ಲೇ ಮೂಡಿಸಿದ ಅರಬ್ಬಿ ಅಕ್ಷರಗಳನ್ನು ಯಾರೂ ಕಿತ್ತುಹಾಕಲಿಲ್ಲ. ನಾಮಫಲಕಗಳ ಜಗಳವನ್ನು ನೋಡುತ್ತ ಬೆಳೆದ ನನಗೆ ಆ ಗೋಡೆಯ ಮುಂದಿನಿಂದ ಕದಲಲು ಬಹಳ ಹೊತ್ತು ಹಿಡಿಯಿತು.

ನಾನು ಅಲ್ಲಿಗೆ ಹೋದದ್ದು ಮುಖ್ಯವಾಗಿ ಒಂದು ಶಾಲೆಯನ್ನು ಹುಡುಕಿಕೊಂಡು. ‘ತೊಲೇದೊದ ಭಾಷಾಂತರಕಾರರ ಶಾಲೆ’ ಎಂದು ಚರಿತ್ರೆಯ ಪುಸ್ತಕಗಳಲ್ಲಿ ಓದಿದ್ದೆ. 12 ಮತ್ತು 13ನೆಯ ಶತಮಾನಗಳಲ್ಲಿ ಅರಬ್ಬಿಯ ಗಣಿತ, ಖಗೋಳ, ವೈದ್ಯ, ತತ್ವಶಾಸ್ತ್ರಗಳು ಲ್ಯಾಟಿನ್ನಿಗೆ ದಾಟಿದ್ದು ಇಲ್ಲಿ. ಇಟಲಿಯ ಕ್ರೆಮೋನಾ ಊರಿನ ಗೆರಾರ್ಡೊ ಎಂಬವನು ಟಾಲೆಮಿಯ ‘ಆಲ್ಮಜೆಸ್ಟ್’ ಒಂದೇ ಗ್ರಂಥದ ಆಸೆಯಿಂದ ಬಂದು, ಅರಬ್ಬಿ ಕಲಿತು, ಇಲ್ಲಿಯೇ ನೆಲೆಸಿ 70ಕ್ಕೂ ಹೆಚ್ಚು ಗ್ರಂಥಗಳನ್ನು ಅನುವಾದಿಸಿದ. ಆ ಶಾಲೆ ಎಲ್ಲಿದೆಯೆಂದು ಕಂಡವರನ್ನೆಲ್ಲ ನನ್ನ ಹರಕು ಸ್ಪ್ಯಾನಿಷಿನಲ್ಲಿ ಕೇಳಿದೆ. ಕೊನೆಗೆ ಒಬ್ಬ ವೃದ್ಧರು ನಕ್ಕು, ಅಂಥ ಕಟ್ಟಡವೇ ಇರಲಿಲ್ಲ ಎಂದರು. ಅದು ನಿಜ. ಗಂಟೆ, ಹಾಜರಿ, ಮುಖ್ಯೋಪಾಧ್ಯಾಯರು ಯಾವುದೂ ಇಲ್ಲದ ಶಾಲೆ ಅದು. ಓದಬಲ್ಲವನ ಪಕ್ಕದಲ್ಲಿ ಬರೆಯಬಲ್ಲವನು ಕುಳಿತರೆ ಅಲ್ಲಿಗೆ ಶಾಲೆಯಾಯಿತು.

ಅವರು ಕೆಲಸ ಮಾಡುತ್ತಿದ್ದ ಬಗೆಯನ್ನು ತಮ್ಮ ಮುಂದೆ ಸ್ವಲ್ಪ ವಿವರವಾಗಿ ಇಡಬೇಕು. ಇಬ್ನ್ ಸೀನಾನು ಆತ್ಮದ ಕುರಿತು ಬರೆದ ಗ್ರಂಥದ ಲ್ಯಾಟಿನ್ ಅನುವಾದಕ್ಕೆ ಒಂದು ಮುನ್ನುಡಿ ಇದೆ. ಅದರ ಪ್ರಕಾರ, ಯಹೂದಿ ವಿದ್ವಾಂಸನೊಬ್ಬ ಅರಬ್ಬಿಯ ಒಂದೊಂದೇ ಪದವನ್ನು ಊರಿನ ಆಡುಮಾತಿನಲ್ಲಿ ಹೇಳುತ್ತ ಹೋದ. ಕ್ರೈಸ್ತ ಪಂಡಿತ ಗುಂದಿಸಾಲ್ವೊ ಅದನ್ನು ಲ್ಯಾಟಿನ್ನಿನಲ್ಲಿ ಬರೆದುಕೊಂಡ. ಅರಬ್ಬಿ ಪುಸ್ತಕದ ಭಾಷೆ, ಲ್ಯಾಟಿನ್ನೂ ಪುಸ್ತಕದ ಭಾಷೆ. ನಡುವೆ ದೋಣಿಯಾದದ್ದು ಸಂತೆಯ ಮಾತು, ಅಡುಗೆಮನೆಯ ಮಾತು. ಮುಂದೆ ಇದೇ ಊರಿನಲ್ಲಿ ಹುಟ್ಟಿದ ಹತ್ತನೆಯ ಅಲ್ಫೋನ್ಸೊ ಅರಸನು ಲ್ಯಾಟಿನ್ನಿನ ಬದಲು ಆ ಕಸ್ತೀಲಿಯ ಆಡುಮಾತಿನಲ್ಲಿಯೇ ಶಾಸ್ತ್ರ, ಕಾನೂನು, ಚರಿತ್ರೆಗಳನ್ನು ಬರೆಸಿದ. ಇಂದು ನಾವು ಸ್ಪ್ಯಾನಿಷ್ ಎನ್ನುವುದು ಅದನ್ನೇ.

ನನಗೆ ಆಗ ನೆನಪಾದದ್ದು ಒಂದನೆಯ ತರಗತಿ. ನಮ್ಮಲ್ಲಿ ಮನೆಯಲ್ಲಿ ತುಳು ಆಡುವವರು, ಕೊಂಕಣಿ ಆಡುವವರು, ಬ್ಯಾರಿ ಆಡುವವರು, ಮಲೆಯಾಳ ಆಡುವವರು ಎಲ್ಲರೂ ಒಂದೇ ಬೆಂಚಿನಲ್ಲಿದ್ದೆವು. ಪುಸ್ತಕದ ಕನ್ನಡ ನಮ್ಮಲ್ಲಿ ಅನೇಕರಿಗೆ ಹೊಸತು. ಟೀಚರು ಒಂದು ವಾಕ್ಯವನ್ನು ಕನ್ನಡದಲ್ಲಿ ಓದಿ, ತುಳುವಿನಲ್ಲಿ ಹೇಳಿ, ಹಿಂದಿನ ಸಾಲಿನವರಿಗಾಗಿ ಮಲೆಯಾಳದಲ್ಲಿ ಇನ್ನೊಮ್ಮೆ ಹೇಳಿ, ಮತ್ತೆ ಕನ್ನಡಕ್ಕೆ ಮರಳುತ್ತಿದ್ದರು. ಅದನ್ನು ಕಲಿಸುವ ಮೊದಲಿನ ತೊಡಕೆಂದು ನಾನು ಬಹುಕಾಲ ತಿಳಿದಿದ್ದೆ.

ತೊಲೇದೊದಲ್ಲಿ ನಮ್ಮ ದೇಶದ ನೆರಳೂ ಇದೆ. 1068ರಲ್ಲಿ ಆ ಊರಿನ ನ್ಯಾಯಾಧೀಶನಾಗಿದ್ದ ಸಾಯಿದ್ ಎಂಬವನು ಜಗತ್ತಿನ ಜನಾಂಗಗಳ ವಿದ್ಯೆಯ ಕುರಿತು ಗ್ರಂಥ ಬರೆದು, ವಿದ್ಯೆಯನ್ನು ಬೆಳೆಸಿದವರಲ್ಲಿ ಮೊದಲ ಸ್ಥಾನವನ್ನು ಭಾರತೀಯರಿಗೆ ಕೊಟ್ಟ. ಚಾಲುಕ್ಯರ ಕಾಲದ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ಕಥೆಗಳು ಇನ್ನೊಂದು ದಾರಿ ಹಿಡಿದು, ಪಹ್ಲವಿ, ಅರಬ್ಬಿಗಳನ್ನು ಹಾದು, 1251ರಲ್ಲಿ ಅಲ್ಫೋನ್ಸೊವಿನ ಆಶ್ರಯದಲ್ಲಿ ಕಸ್ತೀಲಿಯನ್ನಿಗೆ ಬಂದವು. ನಮ್ಮ ಕರಟಕ ದಮನಕರೆಂಬ ನರಿಗಳು ಅಲ್ಲಿ ಕಲೀಲ, ದಿಮ್ನ.

ಮಧ್ಯಾಹ್ನ ಸನ್ಯಾಸಿನಿಯರ ಮಠವೊಂದರಲ್ಲಿ ಮಸಪಾನ್ ಕೊಂಡೆ. ಬಾದಾಮಿ ಮತ್ತು ಸಕ್ಕರೆ ಅರೆದು ಮಾಡುವ ಆ ಊರಿನ ಪ್ರಸಿದ್ಧ ಸಿಹಿ; ನಮ್ಮ ಬಾದಾಮಿ ಬರ್ಫಿಯ ಅಣ್ಣನೋ ತಮ್ಮನೋ ಇರಬೇಕು. ಸಕ್ಕರೆಗೆ ಅವರು ಅಸೂಕಾರ್ ಎನ್ನುತ್ತಾರೆ; ಸಂಸ್ಕೃತದ ಶರ್ಕರವೇ ಅರಬ್ಬರ ಕೈಹಿಡಿದು ಅಲ್ಲಿಗೆ ಹೋದದ್ದು. ಚಿಲ್ಲರೆ ಎಣಿಸುವಾಗ ನನಗರಿಯದೆ ಮಗ್ಗಿ ಬಾಯಿಗೆ ಬಂತು: ಏಳ್ಮೂರ್ಲಿ ಇಪ್ಪತ್ತೊಂದು. ಅದೇನು ಪ್ರಾರ್ಥನೆಯೇ ಎಂದು ಆ ಸನ್ಯಾಸಿನಿ ಕೇಳಿದರು. ಹೌದೆಂದುಬಿಟ್ಟೆ. ಮೂರನೆಯ ತರಗತಿಯಲ್ಲಿ ಅದು ಪ್ರಾರ್ಥನೆಯೇ ಆಗಿತ್ತು, ಇಲ್ಲವಾದರೆ ಬೆತ್ತ.

ಯಹೂದಿಗಳ ಕೇರಿಯಲ್ಲಿ ಎರಡು ಹಳೆಯ ಪ್ರಾರ್ಥನಾಮಂದಿರಗಳು ಉಳಿದಿವೆ. ಒಂದು ಬಿಳಿಯ ಕಮಾನುಗಳದ್ದು. ಇನ್ನೊಂದನ್ನು 14ನೆಯ ಶತಮಾನದಲ್ಲಿ ರಾಜಕೋಶಾಧಿಕಾರಿ ಸಾಮುವೇಲ್ ಹಲೇವಿ ಕಟ್ಟಿಸಿದ; ಅದರ ಗೋಡೆಯಲ್ಲಿ ಹೀಬ್ರೂ ಬರಹದ ಜೊತೆಗೆ ಅರಬ್ಬಿ ಬರಹವೂ ಇದೆ. ಕಟ್ಟಿಸಿದವನು ಅದೇ ರಾಜನ ಸೆರೆಯಲ್ಲಿ ಸತ್ತ. 1492ರಲ್ಲಿ ಯಹೂದಿಗಳೆಲ್ಲರನ್ನೂ ದೇಶದಿಂದ ಹೊರಗಟ್ಟಲಾಯಿತು. ತೊಲೇದೊವನ್ನು ಬರಿಯ ಸಾಮರಸ್ಯದ ಊರೆಂದು ಹೇಳುವ ಪ್ರವಾಸಿ ಪುಸ್ತಿಕೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹೊರಟವರು ತಮ್ಮ ಸ್ಪ್ಯಾನಿಷನ್ನು ಇಸ್ತಾಂಬುಲ್, ಥೆಸಲೋನಿಕಿಗಳಿಗೆ ಕೊಂಡೊಯ್ದು, ಹೀಬ್ರೂ ಅಕ್ಷರಗಳಲ್ಲಿ ಬರೆಯುತ್ತ, ಶತಮಾನಗಳ ಕಾಲ ಮನೆಮಾತಾಗಿ ಆಡಿದರು. ನಮ್ಮ ಕಥೆ ಅದಲ್ಲ. ನಾವು ಎಲ್ಲಿಗೂ ಹೋಗಲಿಲ್ಲ, 1956ರಲ್ಲಿ ಗೆರೆಯೇ ನಮ್ಮನ್ನು ದಾಟಿ ಹೋಯಿತು. ಆದರೂ ಅಲ್ಲಿನ ಗಾಜಿನ ಪೆಟ್ಟಿಗೆಗಳ ಮುಂದೆ ನನಗೆ ಗಂಟಲು ಕಟ್ಟಿತು.

ರೈಲಿಗೆ ಒಂದು ಗಂಟೆಯಷ್ಟೇ ಉಳಿದಿತ್ತು. ಪ್ರಸಿದ್ಧವಾದ ಮಹಾ ಇಗರ್ಜಿಯನ್ನು ಓಡುತ್ತಲೇ ನೋಡಿದೆನಾದ್ದರಿಂದ ಅದರ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ. ಸಾಂತೊ ತೊಮೆ ಇಗರ್ಜಿಯಲ್ಲಿ ಎಲ್ ಗ್ರೆಕೊವಿನ ಮಹಾಚಿತ್ರವಿದೆ: ಓರ್ಗಾಸಿನ ಪ್ರಭುವಿನ ಶವಸಂಸ್ಕಾರ. ಕೆಳಗೆ ಕಪ್ಪು ಉಡುಪಿನ ಗಣ್ಯರ ಸಾಲು, ಮೇಲೆ ತೆರೆದ ಸ್ವರ್ಗ, ಮುಂದೆ ಕೈ ತೋರಿಸುತ್ತ ನಿಂತ ಪುಟ್ಟ ಹುಡುಗ. ಆ ಹುಡುಗ ಚಿತ್ರಕಾರನ ಮಗ. ಅವನ ಕಿಸೆಯ ಕರವಸ್ತ್ರದ ಮೇಲೆ ತಂದೆಯ ಸಹಿ ಇದೆ, ಗ್ರೀಕ್ ಅಕ್ಷರಗಳಲ್ಲಿ. ಎಲ್ ಗ್ರೆಕೊ ಎಂದರೆ ‘ಗ್ರೀಕನು’ ಎಂದಷ್ಟೇ. ಊರವರು ಕರೆದ ಅಡ್ಡಹೆಸರು. ಕ್ರೀಟ್ ದ್ವೀಪದಲ್ಲಿ ಹುಟ್ಟಿ, 1577ರಲ್ಲಿ ತೊಲೇದೊಗೆ ಬಂದು, 1614ರಲ್ಲಿ ಅಲ್ಲಿಯೇ ಮಡಿದ ಅವನು, ನೆರೆಹೊರೆಯಲ್ಲಿ ಹೆಚ್ಚಿನವರು ಓದಲಾರದ ಲಿಪಿಯಲ್ಲಿಯೇ ತನ್ನ ಚಿತ್ರಗಳಿಗೆ ಹೆಸರು ಹಾಕುತ್ತಿದ್ದ.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಏಳನೆಯ ತರಗತಿಯಲ್ಲಿ ಕನ್ನಡ ಪಂಡಿತರು ನಮಗೆಲ್ಲ ಸಹಿ ಹಾಕುವುದನ್ನು ಕಲಿಸಿದ್ದರು, ಕನ್ನಡದಲ್ಲಿ. ಕಾಲೇಜಿಗೆ ಸೇರುವ ದಿನ ಅರ್ಜಿಗೆ ಹಾಗೆಯೇ ಸಹಿ ಹಾಕಿದೆ. ಹಿಂದೆ ನಿಂತಿದ್ದ ಹುಡುಗನೊಬ್ಬ ಇಣುಕಿ ನೋಡಿ ನಕ್ಕ. ಅಷ್ಟೇ, ಬೇರೇನೂ ಹೇಳಲಿಲ್ಲ. ಮರುದಿನದಿಂದ ನನ್ನ ಸಹಿ ಇಂಗ್ಲಿಷಿನದಾಯಿತು. ಆ ಸಂಜೆ ನನ್ನ ಕೈಚೀಲದಲ್ಲಿದ್ದ ಪಾಸ್‌ಪೋರ್ಟಿನಲ್ಲೂ ಇದ್ದದ್ದು ಅದೇ.

ಪಾಸ್‌ಪೋರ್ಟನ್ನು ಕಳೆದ ವರ್ಷ ನವೀಕರಿಸಿದೆ. ಇಂದು ಬೆಳಿಗ್ಗೆ ಇಲ್ಲಿನ ಸಂದರ್ಶಕರ ಪುಸ್ತಕದಲ್ಲಿಯೂ ಅದೇ ಹೊಸ ಸಹಿಯನ್ನು, ಎಂದರೆ ಹಳೆಯ ಸಹಿಯನ್ನು, ಹಾಕಿದ್ದೇನೆ. ಕೈ ಇನ್ನೂ ತಪ್ಪುತ್ತಿದೆ, ಒತ್ತಕ್ಷರ ಸೊಟ್ಟಗಾಗಿದೆ. ಪಂಡಿತರು ಮೊದಲ ಸಾಲಿನಲ್ಲಿ ಕುಳಿತಿದ್ದಾರೆ, ಊಟಕ್ಕೆ ಮುಂಚೆ ಅದನ್ನೊಮ್ಮೆ ನೋಡಿ ತಿದ್ದಿಕೊಡಬೇಕಾಗಿ ಕೇಳಿಕೊಳ್ಳುತ್ತೇನೆ.