ಎರಡು ಸಮುದ್ರಗಳ ನಟ್ಟನಡುವಿನ ಊರು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ, ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು ಅಂತ ಸಮಿತಿಯವರು ನನ್ನನ್ನು ಕರೆದರು. ನಾನು ಸಮುದ್ರದ ಬಗ್ಗೆ ಮಾತಾಡುತ್ತೇನೆ ಅಂದೆ. ‘ಚೀಕಲಪರ್ವಿಗೂ ಸಮುದ್ರಕ್ಕೂ ಏನಪಾ ಸಂಬಂಧ? ನಮಗಿರೋದು ಹೊಳಿ’ ಅಂದರು. ಸಂಬಂಧ ಇದೆ. ಅದನ್ನು ಹೇಳಲಿಕ್ಕೇ ಬಂದಿದ್ದೇನೆ.

ಮಕ್ಕಳೇ, ನಾಳೆ ತರಗತಿಗೆ ಹೋದಾಗ ಗೋಡೆಯ ಮೇಲಿನ ಭಾರತದ ನಕಾಶೆ ನೋಡಿ. ನಮ್ಮ ಊರು ಇರುವುದು ಹದಿನಾರನೇ ಅಕ್ಷಾಂಶದ ಆಸುಪಾಸಿನಲ್ಲಿ. ಅಲ್ಲಿ ಸ್ಕೇಲು ಅಡ್ಡ ಇಟ್ಟು ಎಡಕ್ಕೆ ಅಳೆಯಿರಿ. ವೆಂಗುರ್ಲಾ, ಮಾಲ್ವಣದ ಹತ್ತಿರ ಅರಬ್ಬಿ ಸಮುದ್ರ ಸಿಗುತ್ತದೆ, ಸುಮಾರು 350 ಕಿಲೋಮೀಟರಿನ ಮೇಲೆ ಸ್ವಲ್ಪ. ಬಲಕ್ಕೆ ಅಳೆಯಿರಿ. ಬಾಪಟ್ಲದ ಹತ್ತಿರ ಬಂಗಾಳ ಕೊಲ್ಲಿ, ಅದೂ ಹೆಚ್ಚುಕಡಿಮೆ ಅಷ್ಟೇ. ಎರಡು ಸಮುದ್ರಗಳ ನಟ್ಟನಡುವೆ ಕೂತವರು ನಾವು. ಎರಡನ್ನೂ ಕಾಣುವುದಿಲ್ಲ, ಎರಡೂ ನಮ್ಮನ್ನು ಬಿಡುವುದಿಲ್ಲ.

ಅದೇ ಗೆರೆಯನ್ನು ಪಶ್ಚಿಮಕ್ಕೆ ಎಳೆಯುತ್ತಾ ಹೋದರೆ ಅರಬಸ್ಥಾನ, ಆಫ್ರಿಕಾ, ಅಟ್ಲಾಂಟಿಕ್ ಸಾಗರ ದಾಟಿ ಕೆರಿಬಿಯನ್ ದ್ವೀಪಗಳು ಬರುತ್ತವೆ. ಡೊಮಿನಿಕಾ, ಗ್ವಾಡೆಲೂಪ್ ಎಂಬ ಎರಡು ದ್ವೀಪಗಳ ನಡುವೆ ನಮ್ಮ ಊರಿನ ಗೆರೆ ಹಾದುಹೋಗುತ್ತದೆ. ಕ್ರಿಕೆಟ್ ನೋಡುವವರಿಗೆ ಡೊಮಿನಿಕಾ ನೆನಪಿರಬಹುದು. 2023ರ ಜುಲೈಯಲ್ಲಿ ಯಶಸ್ವಿ ಜೈಸ್ವಾಲ್ ತನ್ನ ಮೊದಲ ಟೆಸ್ಟಿನಲ್ಲೇ 171 ಹೊಡೆದದ್ದು ಅಲ್ಲಿ. ನಮ್ಮ ನೆತ್ತಿಯ ಮೇಲೆ ಬರುವ ಸೂರ್ಯನೇ ಅವರ ನೆತ್ತಿಯ ಮೇಲೂ ಬರುತ್ತಾನೆ, ಅಷ್ಟೇ ಎತ್ತರಕ್ಕೆ. ಆದರೆ ರಾಯಚೂರಿನ ಮೇ ತಿಂಗಳು 42 ಡಿಗ್ರಿ ದಾಟುತ್ತದೆ, ಅವರ ಊರಿನಲ್ಲಿ ವರ್ಷಪೂರ್ತಿ ಮೂವತ್ತರ ಆಸುಪಾಸು. ಕಾರಣ ಸುತ್ತಲಿನ ನೀರು. ನೀರು ತಡವಾಗಿ ಕಾಯುತ್ತದೆ, ತಡವಾಗಿ ಆರುತ್ತದೆ. ನಮ್ಮ ಎರಿ ಭೂಮಿ ಬೆಳಿಗ್ಗೆ ಹತ್ತಕ್ಕೇ ಕಾದ ಹಂಚು.

ಆ ದ್ವೀಪಗಳ ದಿನನಿತ್ಯದ ಹವಾಮಾನ ಕೇಳಿದರೆ ಬೇಸರ ಬರುವಷ್ಟು ಒಂದೇ ಥರ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ, ನಡುವೆ ಒಂದು ಹತ್ತು ನಿಮಿಷದ ಮಳೆ, ಮತ್ತೆ ಬಿಸಿಲು. ಪೂರ್ವದ ದಂಡೆಗೆ ಅಟ್ಲಾಂಟಿಕ್‌ನ ಅಲೆ ದೊಡ್ಡದು, ಪಶ್ಚಿಮದ ದಂಡೆ ಶಾಂತ. ಗುಡ್ಡವಿರುವ ದ್ವೀಪದಲ್ಲಿ ಗಾಳಿ ಬರುವ ಕಡೆ ಕಾಡು, ಗುಡ್ಡದ ಹಿಂದೆ ಒಣ. ನಮಗೆ ಇದು ಹೊಸದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ರಾಯಚೂರಿಗೆ 600ರ ಮೇಲೆ ಚೂರು. ಒಂದೇ ಮೋಡ, ಘಟ್ಟದ ಆ ಕಡೆ ಸುರಿದು ಖಾಲಿಯಾಗಿ ನಮ್ಮ ಕಡೆ ನೆರಳು ಮಾತ್ರ ಕೊಟ್ಟು ಹೋಗುತ್ತದೆ. ಅದಕ್ಕೇ ಮಳೆ ನೆರಳಿನ ಪ್ರದೇಶ ಅನ್ನುವುದು.

ಹಾಗೆ ಬೇಸರ ಬರುವಷ್ಟು ಒಂದೇ ಥರ ಇದ್ದರೂ ಅಲ್ಲಿಯ ಜನ ದಿನವೂ ಹವಾಮಾನ ವರದಿ ಕೇಳುತ್ತಾರೆ. ಅಲೆ ಎಷ್ಟು ಎತ್ತರ, ಗಾಳಿ ಯಾವ ದಿಕ್ಕು, ಸಣ್ಣ ದೋಣಿ ಇಳಿಸಬಹುದೋ ಇಲ್ಲವೋ. ಯಾಕೆಂದರೆ ಜೂನ್ 1ರಿಂದ ನವೆಂಬರ್ 30ರವರೆಗೆ ಅವರಿಗೆ ಚಂಡಮಾರುತದ ಕಾಲ. ನಮ್ಮ ಮುಂಗಾರು, ಹಿಂಗಾರು ಎರಡೂ ಸೇರಿದರೆ ಹೆಚ್ಚುಕಡಿಮೆ ಅದೇ ಕಾಲ.

2024ರ ಜೂನ್ 29ರಂದು ಬಾರ್ಬಡೋಸ್‌ನ ಬ್ರಿಡ್ಜ್‌ಟೌನಿನಲ್ಲಿ ನಾವು ಟಿ-20 ವಿಶ್ವಕಪ್ ಗೆದ್ದದ್ದು ಎಲ್ಲರಿಗೂ ಗೊತ್ತು. ಸೂರ್ಯಕುಮಾರನ ಕ್ಯಾಚು, ರಾಹುಲ್ ದ್ರಾವಿಡ್ ಕಪ್ ಹಿಡಿದು ಕೂಗಿದ್ದು, ಇಲ್ಲಿ ರಾತ್ರಿಯೆಲ್ಲ ಪಟಾಕಿ. ಆಮೇಲೆ ತಂಡ ಊರಿಗೆ ಬರಲೇ ಇಲ್ಲ. ಬೆರಿಲ್ ಎಂಬ ಚಂಡಮಾರುತ ಬರುತ್ತಿದೆ ಅಂತ ವಿಮಾನ ನಿಲ್ದಾಣ ಮುಚ್ಚಿದರು. ಹೋಟೆಲಿನೊಳಗೇ ಕೂತು, ಕೊನೆಗೆ ವಿಶೇಷ ವಿಮಾನದಲ್ಲಿ ದಿಲ್ಲಿ ಮುಟ್ಟಿದ್ದು ಜುಲೈ 4ಕ್ಕೆ. ಬೆರಿಲ್‌ನ ಕಣ್ಣು ಬಾರ್ಬಡೋಸನ್ನು ಮುಟ್ಟಲೇ ಇಲ್ಲ, ದಕ್ಷಿಣಕ್ಕೆ ಸರಿದು ಹೋಯಿತು. ಗ್ರೆನಡಾಕ್ಕೆ ಸೇರಿದ ಕ್ಯಾರಿಯಾಕೂ ಎಂಬ ಪುಟ್ಟ ದ್ವೀಪದಲ್ಲಿ ಬಹುತೇಕ ಮನೆಗಳ ಚಾವಣಿ ಉಳಿಯಲಿಲ್ಲ. ಆದರೆ ಕಣ್ಣು ಮುಟ್ಟದ ಬ್ರಿಡ್ಜ್‌ಟೌನ್ ಬಂದರಿನಲ್ಲಿ ದೂರದಿಂದ ಬಂದ ಅಲೆಗೆ ಮೀನುಗಾರರ ದೋಣಿಗಳು ಒಂದಕ್ಕೊಂದು ಬಡಿದು ಒಡೆದವು. ಕ್ರಿಕೆಟಿಗರಿಗೆ ಕೆಲವು ದಿನ ತಡ, ಮೀನುಗಾರರಿಗೆ ಜೀವನೋಪಾಯವೇ ಹೋಯಿತು. ಟಿವಿಯವರು ಮೊದಲನೆಯದನ್ನು ಬಹಳ ತೋರಿಸಿದರು, ಎರಡನೆಯದನ್ನು ಅಷ್ಟು ತೋರಿಸಲಿಲ್ಲ.

ಜುಲೈ ಆರಂಭದಲ್ಲೇ ಅಷ್ಟು ದೊಡ್ಡ ಚಂಡಮಾರುತ ಅಟ್ಲಾಂಟಿಕ್‌ನಲ್ಲಿ ಅದಕ್ಕೂ ಮೊದಲು ದಾಖಲಾಗಿರಲಿಲ್ಲ. ಕಾರಣ ಸಮುದ್ರದ ನೀರು ಆ ಹೊತ್ತಿಗೆ ಇರಬೇಕಾದ್ದಕ್ಕಿಂತ ಬಹಳ ಬೆಚ್ಚಗಿತ್ತು. ಮೇಲ್ಮೈ ನೀರು ಸುಮಾರು 26.5 ಡಿಗ್ರಿ ದಾಟಿದರೆ ಚಂಡಮಾರುತಕ್ಕೆ ಮೇವು ಸಿಕ್ಕಂತೆ. ಬಂಗಾಳ ಕೊಲ್ಲಿಗೂ ಇದೇ ಲೆಕ್ಕ.

ಈಗ ನಮ್ಮ ಹೊಳೆಗೆ ಬರೋಣ.

ತುಂಗಭದ್ರೆ ಎರಡು ರೀತಿ ಏರುತ್ತದೆ. ಇದನ್ನು ನಾನು ಬೇಕಂತಲೇ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನಾವು ಒಂದನ್ನೇ ನೆನಪಿಟ್ಟುಕೊಂಡಿದ್ದೇವೆ.

ಮೊದಲನೆಯದು ಅರಬ್ಬಿ ಸಮುದ್ರದ ನೀರು. ಮುಂಗಾರು ಘಟ್ಟಕ್ಕೆ ಬಡಿದು ಶಿವಮೊಗ್ಗ, ಚಿಕ್ಕಮಗಳೂರು ಕಡೆ ಸುರಿಯುತ್ತದೆ. ತುಂಗೆ, ಭದ್ರೆ, ವರದೆ ತುಂಬಿ ಹೊಸಪೇಟೆಯ ಡ್ಯಾಮಿಗೆ ಬರುತ್ತವೆ. ಡ್ಯಾಂ ತುಂಬಿದರೆ ಗೇಟು ಎತ್ತುತ್ತಾರೆ. ಎತ್ತುವ ಮೊದಲು ಹೇಳುತ್ತಾರೆ. ಇಷ್ಟು ಕ್ಯುಸೆಕ್ ಬಿಡುತ್ತೇವೆ, ನದಿ ದಂಡೆಯವರು ಎಚ್ಚರ ಅಂತ ಸುದ್ದಿ ಬರುತ್ತದೆ, ಡಂಗುರ ಸಾರುತ್ತಾರೆ, ನಾವು ದಂಡೆಯ ಪಂಪ್‌ಸೆಟ್ಟು ಬಿಚ್ಚಿ ಮೇಲೆ ತರುತ್ತೇವೆ. ಇಲ್ಲಿ ಮಳೆ ಇಲ್ಲ, ಹತ್ತಿ ಬಾಡುತ್ತಿರುತ್ತದೆ, ಆದರೂ ಹೊಳೆ ತುಂಬಿ ಹರಿಯುತ್ತದೆ. ಎಷ್ಟು ವಿಚಿತ್ರ ನೋಡಿ. ನಮಗದು ಅಭ್ಯಾಸವಾಗಿ ವಿಚಿತ್ರ ಅನ್ನಿಸುವುದಿಲ್ಲ ಅಷ್ಟೇ.

ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿನ ಮೇಲೆ ಸ್ವಲ್ಪ. ಎರಡು ಕೊಡ ಅನ್ನಿ. ಒಂದು ಲಕ್ಷ ಕ್ಯುಸೆಕ್ ಅಂದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಎರಡು ಲಕ್ಷ ಕೊಡ. ಆ ಲೆಕ್ಕದಲ್ಲಿ ಒಂದು ಟಿಎಂಸಿ ಖಾಲಿಯಾಗಲು ಮೂರು ತಾಸೂ ಬೇಡ. ಒಂಬತ್ತನೇ ತರಗತಿಯವರು ಇದನ್ನು ನೀವೇ ಮಾಡಿ ನೋಡಿ: ನೂರು ಕೋಟಿ ಘನ ಅಡಿಯನ್ನು ಒಂದು ಲಕ್ಷದಿಂದ ಭಾಗಿಸಿ, ಬಂದ ಸೆಕೆಂಡನ್ನು ತಾಸು ಮಾಡಿ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುದಿನ ಬೆಳಕು ಹರಿಯುವ ಮುಂಚೆ ನಮ್ಮ ಅವ್ವ ಫೋನ್ ಮಾಡಿದಳು. ‘ಡ್ಯಾಮ್ ಒಡದೈತಂತಲ್ಲೋ, ಖರೇ ಏನು?’ ಒಡೆದಿರಲಿಲ್ಲ. ಒತ್ತಡ ಇಳಿಸಲಿಕ್ಕೆ ಉಳಿದ ಗೇಟುಗಳನ್ನೂ ತೆಗೆದು ಸುಮಾರು ಒಂದು ಲಕ್ಷ ಕ್ಯುಸೆಕ್ ಬಿಡುತ್ತಿದ್ದರು. ಡ್ಯಾಂ ಒಡೆಯುವುದಕ್ಕೂ ಒಂದು ಲಕ್ಷ ಕ್ಯುಸೆಕ್ಕಿಗೂ ಭೂಮಿ ಆಕಾಶದ ಅಂತರ. ಆದರೆ ವಾಟ್ಸ್ಯಾಪಿನಲ್ಲಿ ‘ಒಡೆದೈತಿ’ ಎಂಬ ಮಾತು ಮೊದಲು ಓಡಿ ಬಂತು, ಕ್ಯುಸೆಕ್ ಆಮೇಲೆ ಬಂತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಆ ಕಿಂಡಿ ಮುಚ್ಚಿದರು. ಎಂಜಿನಿಯರ್ ಆಗಬೇಕು ಅನ್ನುವ ಮಕ್ಕಳು ಆ ಕೆಲಸದ ವಿಡಿಯೋ ಹುಡುಕಿ ನೋಡಿ. ಎಂಜಿನಿಯರ್ ಅಂದರೆ ನನ್ನ ಹಾಗೆ ಏಸಿ ರೂಮಿನಲ್ಲಿ ಕೂರುವವನೊಬ್ಬನೇ ಅಲ್ಲ.

ಎರಡನೆಯದು ಬಂಗಾಳ ಕೊಲ್ಲಿಯ ನೀರು. ಇದು ಡ್ಯಾಮಿಗೆ ಹೇಳಿ ಬರುವುದಿಲ್ಲ.

2009. ನಾನಾಗ ರಾಯಚೂರಿನಲ್ಲಿ ಬಿಇ ಓದುತ್ತಿದ್ದೆ. ಆ ವರ್ಷ ದೇಶಕ್ಕೆಲ್ಲ ಬರ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ, ಹಸ್ತ ಮಳೆ ಹೊಕ್ಕ ಮೇಲೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಒಳನಾಡಿನ ಮೇಲೆ ಬಂದು ಸುರಿಯಿತು. ಮಲೆನಾಡಿಗಲ್ಲ, ನಮ್ಮ ತಲೆಯ ಮೇಲೇ. ರಾಯಚೂರು, ಬಳ್ಳಾರಿ, ಕರ್ನೂಲು, ವಿಜಾಪುರ, ಬಾಗಲಕೋಟೆ. ಡ್ಯಾಮಿನ ಕೆಳಗಿನ ಹಳ್ಳಗಳೆಲ್ಲ ಒಮ್ಮೆಗೇ ಹೊಳೆಗೆ ನುಗ್ಗಿದವು. ಅಕ್ಟೋಬರ್ 2ರಂದು ನಮ್ಮ ಕೆಳಗಿನ ಮಂತ್ರಾಲಯದಲ್ಲಿ ಮಠದೊಳಗೆ ನೀರು ಹೊಕ್ಕಿತು, ಇನ್ನೂ ಕೆಳಗೆ ಕರ್ನೂಲು ನಗರವೇ ಮುಳುಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮಾಳಿಗೆಯ ಮನೆಗಳು ಮಲಗಿದವರ ಮೇಲೇ ಕುಸಿದವು. ಆಮೇಲೆ ‘ಆಸರೆ’ ಯೋಜನೆಯಲ್ಲಿ ಹೊಸ ಊರುಗಳು ಎದ್ದವು, ಅದರ ಕಥೆ ನಿಮಗೆ ಗೊತ್ತು.

ಆ ನಾಲ್ಕು ದಿನ ನಮ್ಮವರು ಒಬ್ಬರಿಗೊಬ್ಬರು ಕೇಳುತ್ತಿದ್ದ ಪ್ರಶ್ನೆ ‘ಡ್ಯಾಮಿನಿಂದ ಎಷ್ಟು ಬಿಟ್ಟಾರ?’ ಅಂತ. ನೋಡಬೇಕಾಗಿದ್ದದ್ದು ಪಶ್ಚಿಮವಲ್ಲ, ಪೂರ್ವ. ಜುಲೈ, ಆಗಸ್ಟಿನಲ್ಲಿ ಡ್ಯಾಮಿನ ಹೊರಹರಿವು ನೋಡಿ. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿ ನೋಡಿ. ‘ವಾಯುಭಾರ ಕುಸಿತ, ಪಶ್ಚಿಮ ವಾಯವ್ಯಕ್ಕೆ ಚಲಿಸುವ ಸಾಧ್ಯತೆ’ ಎಂಬ ಮಾತು ರೇಡಿಯೋದಲ್ಲಿ ಬಂದರೆ ಅದು ವಿಶಾಖಪಟ್ಟಣದ ಮೀನುಗಾರರಿಗೆ ಹೇಳಿದ್ದು ಅಂತ ಬಟನ್ ತಿರುಗಿಸಬೇಡಿ. ರಾಶಿ ಕಣದಲ್ಲಿದ್ದರೆ, ನೆಲ್ಲು ಕೊಯ್ಲಿಗೆ ಬಂದಿದ್ದರೆ, ಅದು ನಿಮಗೂ ಹೇಳಿದ್ದು.

ಇನ್ನು ವರದಿಯ ಭಾಷೆ. ‘ಹವಾಮಾನದವರು ಮಳಿ ಅಂದ್ರು, ಹನಿ ಬೀಳಲಿಲ್ಲ’ ಅಂತ ಕಟ್ಟೆಯ ಮೇಲೆ ನಗುತ್ತೇವೆ. ಅವರು ಅಂದದ್ದೇನು? ‘ಉತ್ತರ ಒಳನಾಡಿನ ಒಂದೆರಡು ಕಡೆ’ ಅಂದರೆ ಆ ಪ್ರದೇಶದ ಮಳೆಮಾಪಕಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಳೆ. ಉಳಿದ ಮುಕ್ಕಾಲು ಭಾಗ ಒಣ ಅಂತ ಅವರೇ ಹೇಳಿದಂತಾಯಿತು. ‘ಕೆಲವೆಡೆ’ ಅಂದರೆ ಅರ್ಧದವರೆಗೆ, ‘ಹಲವೆಡೆ’ ಅಂದರೆ ಮುಕ್ಕಾಲಿನವರೆಗೆ, ‘ಬಹುತೇಕ ಕಡೆ’ ಅಂದರೆ ಅದಕ್ಕೂ ಮೇಲೆ. ‘ಭಾರಿ ಮಳೆ’ ಅಂದರೂ ಬಾಯಿಮಾತಲ್ಲ, 24 ತಾಸಿನಲ್ಲಿ 64.5 ಮಿಮೀ ದಾಟಬೇಕು. 115.6ರಿಂದ ‘ಅತಿ ಭಾರಿ’. ಈ ಐದಾರು ಮಾತಿನ ಅರ್ಥ ಗೊತ್ತಿದ್ದರೆ ಹತ್ತಿಗೆ ಎಣ್ಣೆ ಹೊಡೆಯುವುದು ಇವತ್ತೋ ನಾಡಿದ್ದೋ ಅಂತ ತೀರ್ಮಾನಿಸಬಹುದು. ಹೊಡೆದ ಮೇಲೆ ಮಳೆ ಬಂದರೆ ದುಡ್ಡು ತೊಳೆದುಹೋಗುತ್ತದೆ.

ಫೋನಿನಲ್ಲಿ ಕಾಣುವ ಮೋಡದ ಚಿತ್ರ ನಮ್ಮೂರ ಮೋಡದ್ದಲ್ಲ. ಕಂಪ್ಯೂಟರು ಭೂಮಿಯನ್ನು ಚೌಕ ಚೌಕ ಮಾಡಿ ಪ್ರತಿ ಚೌಕಕ್ಕೆ ಒಂದು ಲೆಕ್ಕ ಹಾಕುತ್ತದೆ. 2025ರ ಮೇ ತಿಂಗಳಲ್ಲಿ ನಮ್ಮ ದೇಶ ಆರಂಭಿಸಿದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ ಚೌಕ 6 ಕಿಲೋಮೀಟರಿನದು, ಅದಕ್ಕೂ ಮುಂಚೆ 12. ಬೇಸಿಗೆಯ ಒಂದು ಗುಡುಗುಮೋಡ ಅದಕ್ಕಿಂತ ಚಿಕ್ಕದಿರಬಹುದು. ಪಕ್ಕದ ಹೊಲಕ್ಕೆ ಬಂದು ನಮ್ಮ ಹೊಲಕ್ಕೆ ಬಾರದ ಮಳೆಯನ್ನು ಯಾವ ಕಂಪ್ಯೂಟರೂ ಇನ್ನೂ ಹಿಡಿದಿಲ್ಲ. ಸಿಡಿಲಿನ ವಿಷಯದಲ್ಲಿ ಮಾತ್ರ ಫೋನನ್ನು ನಂಬಿ. ‘ದಾಮಿನಿ’ ಎಂಬ ಆ್ಯಪ್ ಇದೆ, ಸುತ್ತಮುತ್ತ ಸಿಡಿಲು ಬೀಳುತ್ತಿದ್ದರೆ ಹೇಳುತ್ತದೆ. ಕುರಿ ಕಾಯುವ ಹುಡುಗರ ಫೋನಿನಲ್ಲಿ ಅದನ್ನು ಹಾಕಿಕೊಡಿ. ಮಳೆ ಬಂದರೆ ಮರದ ಕೆಳಗೆ ಓಡುವವರು ಅವರೇ.

ಹಿರಿಯರು ಬೇಸರ ಮಾಡಿಕೊಳ್ಳಬಾರದು. ರೋಹಿಣಿ, ಮೃಗಶಿರ, ಆರಿದ್ರ ಎಂದು ನೀವು ಹೇಳುವ ಲೆಕ್ಕವನ್ನು ನಾನು ಅಲ್ಲಗಳೆಯುತ್ತಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುವ ಲೆಕ್ಕ ಅದು. ಎಷ್ಟೋ ತಲೆಮಾರು ನೋಡಿ ಕಟ್ಟಿದ ಸರಾಸರಿ. ಯಾವ ಹದಿನೈದು ದಿನದಲ್ಲಿ ಏನು ಬಿತ್ತಬೇಕು ಅನ್ನುವುದಕ್ಕೆ ಅದು ಸಾಕು. ನಾಳೆ ಎಣ್ಣೆ ಹೊಡೆಯಬೇಕೋ ಬೇಡವೋ ಅನ್ನುವುದಕ್ಕೆ ಅದನ್ನು ಕೇಳಬಾರದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ಮಂಗಳವಾರ, ಶುಕ್ರವಾರ ಹವಾಮಾನ ಆಧಾರಿತ ಕೃಷಿ ಸಲಹೆ ಕೊಡುತ್ತಾರೆ, ಅದನ್ನು ಕೇಳಿ.

ಕೊನೆಗೆ ಶಾಲೆಗೆ ಒಂದು ಕೇಳಿಕೆ. ಐವತ್ತು ವರ್ಷ ಈ ಶಾಲೆ ಮಕ್ಕಳ ಹಾಜರಿ ಬರೆದಿದೆ. ಮಳೆಯ ಹಾಜರಿ ಬರೆದಿದ್ದರೆ, ಹೊಳೆಯ ಹಾಜರಿ ಬರೆದಿದ್ದರೆ, ಡ್ಯಾಮಿನಲ್ಲಿ ಇಷ್ಟು ಬಿಟ್ಟರೆ ನಮ್ಮ ದಂಡೆಗೆ ಎಷ್ಟು ತಾಸಿಗೆ, ಎಲ್ಲಿಯವರೆಗೆ ನೀರು ಬರುತ್ತದೆ ಅಂತ ಇವತ್ತು ಯಾರ ಫೋನಿಗೂ ಕಾಯದೆ ನಾವೇ ಹೇಳಬಹುದಿತ್ತು. ಅದಕ್ಕೆ ಬೆಂಗಳೂರಿನವರು ಬೇಕಾಗಿಲ್ಲ, ಎಂಟನೇ ತರಗತಿಯ ಇಬ್ಬರು ಮಕ್ಕಳು ಸಾಕು.

ನಮ್ಮ ಬ್ಯಾಚಿನವರು ಸೇರಿ ಒಂದು ಮಳೆಮಾಪಕ, ಒಂದು ದಪ್ಪ ರಿಜಿಸ್ಟರು ತಂದಿದ್ದೇವೆ. ಮುಖ್ಯಗುರುಗಳ ಟೇಬಲ್ಲಿನ ಮೇಲಿದೆ. ಮಾಪಕವನ್ನು ಬೇವಿನ ಮರದ ಕೆಳಗೆ ಇಡಬೇಡಿ, ಗೋಡೆಗೆ ತಾಗಿಸಬೇಡಿ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬಯಲಿನಲ್ಲಿ ನಿಲ್ಲಿಸಿ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಬೇಕು, ದೇಶದ ಎಲ್ಲ ಕೇಂದ್ರಗಳೂ ನೋಡುವುದು ಆಗಲೇ. ರಿಜಿಸ್ಟರಿನಲ್ಲಿ ನಾಲ್ಕು ಗೆರೆ ಹಾಕಿದ್ದೇನೆ: ತಾರೀಖು, ಮಳೆ ಎಷ್ಟು ಮಿಮೀ, ದಂಡೆಯ ಗುರುತುಕಲ್ಲಿನಲ್ಲಿ ನೀರು ಎಲ್ಲಿದೆ, ಡ್ಯಾಮಿನ ಹೊರಹರಿವು ಎಷ್ಟು. ಮಳೆ ಬಾರದ ದಿನ ಖಾಲಿ ಬಿಡಬಾರದು, ಸೊನ್ನೆ ಅಂತ ಬರೆಯಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಮಕ್ಕಳು ಬರಲಿಲ್ಲವೋ ಮುಂದೆ ನೋಡುವವರಿಗೆ ತಿಳಿಯುವುದಿಲ್ಲ. ರಜೆಯಲ್ಲಿ ಯಾರು ಬರೆಯುತ್ತಾರೆ ಅನ್ನುವುದನ್ನು ಗುರುಗಳು, ಮಕ್ಕಳು ಕೂತು ಮಾತಾಡಿಕೊಳ್ಳಿ. ನಾಳೆ ಸೋಮವಾರ, ಮೊದಲ ಸಾಲು ಬರೆಯಬಹುದು.