ಆಸ್ಪತ್ರೆಗೆ ಹೋಗುವವರ ಕೈ
(ಗ್ರಾಮಸೇವಕರ ಭಾಷಣ)



ಗೊಬ್ಬರ, ಬಿತ್ತನೆಬೀಜದ ವಿಷಯ ಬಿಟ್ಟು ಇಂದು ಆಸ್ಪತ್ರೆಯ ಮಾತೆತ್ತಿದ್ದೇನೆ. ನಮ್ಮಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆಂದರೆ ಅರ್ಧ ಊರೇ ನೋಡಲು ಹೊರಡುತ್ತದೆ. ಆ ಪ್ರೀತಿ ಒಳ್ಳೆಯದೇ. ಆದರೆ ಒಂದು ಕಾಯಿಲೆಗೆಂದು ಹೋದವರಿಗೆ ಅಲ್ಲಿಯೇ ಇನ್ನೊಂದು ಅಂಟುವುದುಂಟು. ಅದನ್ನು ಒಬ್ಬರಿಂದೊಬ್ಬರಿಗೆ ಹೆಚ್ಚಾಗಿ ದಾಟಿಸುವುದು ಮನುಷ್ಯರ ಕೈ.

ಇದು ತಿಳಿದುಬಂದ ಬಗೆಯನ್ನು ಕೇಳಿ. ಯೂರೋಪಿನ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಹೆರಿಗೆ ಮಾಡಿಸುತ್ತಿದ್ದರು. 1846ರಲ್ಲಿ ವೈದ್ಯರ ಕಡೆ ನೂರಕ್ಕೆ 11 ಮಂದಿ ಬಾಣಂತಿಯರು ತೀರಿಕೊಂಡರು; ಸೂಲಗಿತ್ತಿಯರ ಕಡೆ ನೂರಕ್ಕೆ 3ಕ್ಕಿಂತ ಕಡಿಮೆ. ಓದಿದವರ ಕೈಯಲ್ಲೇ ಸಾವು ಹೆಚ್ಚು! ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕಾರಣ ಹುಡುಕಿದರು. ಹೆಣ ಕೊಯ್ದು ಪರೀಕ್ಷಿಸಿದ ಕೈಯಲ್ಲೇ ಇವರು ಹೆರಿಗೆಯ ಹೆಂಗಸರನ್ನು ಮುಟ್ಟುತ್ತಿದ್ದರು. 1847ರ ಮೇ ತಿಂಗಳಲ್ಲಿ, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅವರು ಕಟ್ಟುಮಾಡಿದರು. ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯೂ ಅದೇ ಜಾತಿಯದು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕಿಳಿಯಿತು. ಆದರೂ ಅನೇಕ ದೊಡ್ಡ ವೈದ್ಯರು ಒಪ್ಪಲಿಲ್ಲ. ತನ್ನ ಕೈ ಕೊಳೆಯೆಂದರೆ ಯಾರು ತಾನೆ ಒಪ್ಪಿಯಾರು?

ಕಾಲುಬಾಯಿ ಜ್ವರ ಬಂದ ಕೊಟ್ಟಿಗೆಯಲ್ಲಿ ಕೆಲಸಮಾಡಿದವರು ನೇರವಾಗಿ ನಿಮ್ಮ ಎತ್ತಿನ ಮೈ ಸವರಲು ಬಂದರೆ ಬಿಡುವಿರಾ? ಅಷ್ಟೇ ಎಚ್ಚರ ಮನುಷ್ಯರಿಗೂ ಇರಲಿ.

ರೋಗಿಯನ್ನು ಮುಟ್ಟುವ ಮುಂಚೆಯೂ ಮುಟ್ಟಿದ ಮೇಲೂ ಸೋಪು ಹಚ್ಚಿ, ಬೆರಳಸಂದು, ಉಗುರು, ಹೆಬ್ಬೆರಳು ಬಿಡದೆ ಉಜ್ಜಿ ತೊಳೆಯಿರಿ. ಬರೀ ನೀರು ಸಾಲದು. ಹಣ್ಣಿನ ಚೀಲದಲ್ಲಿ ಒಂದು ಸೋಪೂ ಇರಲಿ. ಗಾಯದ ಪಟ್ಟಿಯನ್ನು ಬಿಚ್ಚಿ ನೋಡುವುದು, ಪಕ್ಕದ ರೋಗಿಯ ಮಂಚದ ಮೇಲೆ ಕೂರುವುದು ಬೇಡ. ಕೆಮ್ಮು, ಭೇದಿ ಇದ್ದವರು ಮನೆಯಲ್ಲೇ ಉಳಿಯಿರಿ, ಎಳೆಮಕ್ಕಳನ್ನೂ ಕರೆದೊಯ್ಯಬೇಡಿ. ಆಸ್ಪತ್ರೆಯ ಕೆಲವು ರೋಗಾಣುಗಳು ಎಷ್ಟೋ ಔಷಧಿಗಳಿಗೆ ಬಗ್ಗುವುದಿಲ್ಲ. ಅಂಟಿದ ಮೇಲೆ ಗುಣಪಡಿಸುವುದು ಕಷ್ಟ.

ಸೂಜಿ ಚುಚ್ಚಲು, ಪಟ್ಟಿ ಕಟ್ಟಲು ಬಂದವರನ್ನು, "ಅಮ್ಮಾ, ಕೈ ಶುದ್ಧಮಾಡಿಕೊಂಡಿರಾ?" ಎಂದು ವಿನಯದಿಂದ ಕೇಳಿ. ಕೇಳಲು ನಾವು ಅಂಜುತ್ತೇವೆ, ಅಂಜಬೇಕಾಗಿಲ್ಲ. ಒಳ್ಳೆಯ ದಾದಿಯರು ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ.

ಇಲ್ಲಿ ನೀರು, ಸೋಪು ಇಟ್ಟಿದ್ದೇನೆ. ಇಬ್ಬರಿಬ್ಬರಾಗಿ ಮುಂದೆ ಬನ್ನಿ, ತೊಳೆಯುವ ಕ್ರಮ ತೋರಿಸುತ್ತೇನೆ.