ಎಂಜಿನ್‌ಗಾಗಿ ಕಾದ ಮಾರುತ್

(ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಂಗಳೂರಿನ ಪೂರ್ವಭಾಗದಲ್ಲಿ, ಹಳೇ ಮದರಾಸು ರಸ್ತೆಯಿಂದ ಎಚ್‌ಎಎಲ್ ಕಡೆಗೆ ಸಾಗುವ ದಾರಿಗೆ ಸುರಂಜನ್ ದಾಸ್ ರಸ್ತೆ ಎಂದು ಹೆಸರು. ಈ ದಾಸ್ ಯಾರೆಂಬುದು ಅಲ್ಲಿ ದಿನವೂ ಓಡಾಡುವ ಎಷ್ಟೋ ಮಂದಿಗೆ ತಿಳಿದಿರಲಾರದು. ಬೆಂಗಳೂರಿನಲ್ಲೇ ಹುಟ್ಟಿದ ಜೆಟ್ ಯುದ್ಧವಿಮಾನವೊಂದನ್ನು ಮೊದಲ ಸಲ ಆಕಾಶಕ್ಕೆ ಏರಿಸಿದವರು ಅವರು. ಅದೇ ವಿಮಾನದ ಮುಂದಿನ ಮಾದರಿಯನ್ನು ಪರೀಕ್ಷಿಸುವಾಗ ಪ್ರಾಣ ತೆತ್ತವರೂ ಅವರೇ.

ಆ ವಿಮಾನ ಎಚ್‌ಎಫ್-24 ಮಾರುತ್. ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿನ ತಂತ್ರಜ್ಞರೊಡನೆ ಅದರ ಕೆಲಸ ಆರಂಭಿಸಿದರು. ನೆಲದ ಗುರಿಗಳಿಗೆ ಹೊಡೆಯುವುದರ ಜೊತೆಗೆ, ಎತ್ತರದಲ್ಲಿ ನುಗ್ಗಿಬರುವ ಶತ್ರು ವಿಮಾನವನ್ನು ಅಡ್ಡಗಟ್ಟಲೂ ಅದು ಸಮರ್ಥವಾಗಿರಬೇಕು, ಶಬ್ದದ ಎರಡರಷ್ಟು ವೇಗ ಮುಟ್ಟಬೇಕು ಎಂಬುದು ವಾಯುಪಡೆಯ ಬೇಡಿಕೆ. 1959ರಲ್ಲಿ ಅದೇ ಗಾತ್ರದ ಮರದ ಗ್ಲೈಡರ್ ಹಾರಿಸಿ ಆಕಾರವನ್ನು ಪರೀಕ್ಷಿಸಲಾಯಿತು. 1961ರ ಜೂನ್ 17ರಂದು ದಾಸ್ ಮೊದಲ ಮಾರುತ್ ಹಾರಿಸಿದರು.

ದೇಹ ಸಿದ್ಧವಾಗಿತ್ತು, ತಕ್ಕ ಎಂಜಿನ್ ಮಾತ್ರ ಸಿಗಲಿಲ್ಲ. ಟ್ಯಾಂಕ್ ನೆಚ್ಚಿಕೊಂಡಿದ್ದು ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ನನ್ನು. ಅದಕ್ಕೆ ಮರುದಹನ ವ್ಯವಸ್ಥೆ ಇತ್ತು. ಅಂದರೆ, ಎಂಜಿನ್ನಿನಿಂದ ಹೊರಬೀಳುವ ಬಿಸಿ ಗಾಳಿಗೆ ಮತ್ತೊಮ್ಮೆ ಇಂಧನ ಸಿಂಪಡಿಸಿ ಉರಿಸಿ, ನೂಕುಬಲ ಹೆಚ್ಚಿಸುವ ಉಪಾಯ. ಬ್ರಿಟನ್ನಿಗೆ ಆ ಎಂಜಿನ್ ಬೇಡವಾದಾಗ, ಅದನ್ನು ಪೂರ್ತಿಗೊಳಿಸುವ ಖರ್ಚು ಭಾರತದ ಮೇಲೆ ಬಿತ್ತು. ಸರ್ಕಾರ ಅದಕ್ಕೆ ಒಪ್ಪಲಿಲ್ಲ. ಸುಮಾರು 3,700 ಕಿಲೋ ನೂಕುಬಲದ ಎಂಜಿನ್ನುಗಳ ಜಾಗದಲ್ಲಿ, ಸುಮಾರು 2,200 ಕಿಲೋ ನೂಕುಬಲದ ಆರ್ಫಿಯಸ್ 703 ಜೋಡಿಯನ್ನೇ ಕೂಡಿಸಬೇಕಾಯಿತು. ಶಬ್ದದ ಎರಡರಷ್ಟು ವೇಗದ ಕನಸು ಅಲ್ಲಿಗೆ ಕುಗ್ಗಿತು.

ದಾರಿ ಹುಡುಕುತ್ತಾ ಭಾರತ ಈಜಿಪ್ಟಿನತ್ತ ತಿರುಗಿತು. ಅಲ್ಲಿಯದು ತದ್ವಿರುದ್ಧದ ಕಥೆ. ಕೈರೋ ಬಳಿಯ ಹೆಲ್ವಾನ್‌ನಲ್ಲಿ, ಮೆಸ್ಸರ್‌ಶ್ಮಿಟ್ ರೂಪಿಸಿದ ಎಚ್‌ಎ-300 ಎಂಬ ಪುಟ್ಟ ಯುದ್ಧವಿಮಾನವೂ, ಫರ್ಡಿನಾಂಡ್ ಬ್ರಾಂಡ್ನರ್ ನೇತೃತ್ವದಲ್ಲಿ ಇ-300 ಎಂಜಿನ್ನೂ ತಯಾರಾಗುತ್ತಿದ್ದವು. 1964ರ ಮಾರ್ಚ್ 7ರಂದು ಎಚ್‌ಎ-300ನ್ನು ಮೊದಲ ಬಾರಿಗೆ ಹಾರಿಸಿದವರು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ. ಇ-300 ಎಂಜಿನ್ನನ್ನು ಪರೀಕ್ಷಿಸಲೆಂದು ಭಾರತ ಒಂದು ಮಾರುತ್ ಕಳಿಸಿತು. ಅದರ ಒಂದು ಬದಿಗೆ ಈಜಿಪ್ಟಿನ ಎಂಜಿನ್, ಇನ್ನೊಂದು ಬದಿಗೆ ಹಳೆಯ ಆರ್ಫಿಯಸ್. 1967ರ ಮಾರ್ಚ್‌ನಲ್ಲಿ ಅದು ಹಾರಿತು. ಅದೇ ಜೂನ್‌ನಲ್ಲಿ ಇಸ್ರೇಲಿನೊಡನೆ ಯುದ್ಧ ನಡೆದು ಈಜಿಪ್ಟ್ ಸೋತಿತು. 1969ರಲ್ಲಿ ಎಚ್‌ಎ-300 ಯೋಜನೆಯನ್ನೇ ಕೈಬಿಡಲಾಯಿತು. ಎರಡು ದೇಶಗಳ ಒಂದೊಂದು ಅರ್ಧ ಸೇರಿ ಒಂದಾಗಬಹುದಿದ್ದ ಅವಕಾಶ ಹಾಗೆಯೇ ಕಳೆಯಿತು.

ಬೆಂಗಳೂರು ತಾನೇ ಇನ್ನೊಂದು ಪ್ರಯತ್ನ ಮಾಡಿತು. ಇಲ್ಲಿಯ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಆರ್ಫಿಯಸ್ 703ಕ್ಕೇ ಮರುದಹನ ಜೋಡಿಸಿತು. ಆದರೆ ವಿಮಾನದ ಹಿಂಭಾಗ ದಪ್ಪವಾಗಿ, ಗಾಳಿಯ ತಡೆ ಹೆಚ್ಚಿತು. 1970ರ ಜನವರಿ 10ರಂದು ಆ ಮಾದರಿ ಬೆಂಗಳೂರಿನಲ್ಲಿ ಅಪಘಾತಕ್ಕೀಡಾಗಿ, ಸುರಂಜನ್ ದಾಸ್ ತೀರಿಕೊಂಡರು. ಆ ಮಾದರಿ ಸೇವೆಗೆ ಬರಲೇ ಇಲ್ಲ.

ಹಾಗೆಂದು ಮಾರುತ್ ವ್ಯರ್ಥವಾಗಲಿಲ್ಲ. ಒಟ್ಟು 147 ವಿಮಾನಗಳು ತಯಾರಾದವು. 1971ರ ಡಿಸೆಂಬರ್‌ನಲ್ಲಿ ರಾಜಸ್ತಾನದ ಗಡಿಯಲ್ಲಿ ನೆಲದಾಳಿಯ ಕೆಲಸವನ್ನು ಅವು ಚೆನ್ನಾಗಿಯೇ ನಿರ್ವಹಿಸಿದವು. 1990ರ ಹೊತ್ತಿಗೆ ನಿವೃತ್ತವಾದವು. ಆದರೆ ಎತ್ತರದಲ್ಲಿ ಅಡ್ಡಗಟ್ಟುವ ಆ ಇನ್ನೊಂದು ಮಾರುತ್ ಕಾಗದದಲ್ಲೂ ಮಾದರಿಗಳಲ್ಲೂ ಉಳಿಯಿತು.

ವಿಮಾನದ ದೇಹಕ್ಕಿಂತ ಎಂಜಿನ್ ಮಾಡುವುದು ಕಷ್ಟ. ಲೋಹ ಮೆದುವಾಗುವಷ್ಟು ಶಾಖದಲ್ಲಿ ಅದರ ಅಲಗುಗಳು ಗಂಟೆಗಟ್ಟಲೆ ತಿರುಗಬೇಕು. ಆ ವಿದ್ಯೆ ಕೈಗೂಡಲು ಹಣ ಮಾತ್ರ ಸಾಲದು, ಹಲವು ದಶಕಗಳ ತಾಳ್ಮೆಯೂ ಬೇಕು. ಬೆಂಗಳೂರಿನಲ್ಲೇ ರೂಪುಗೊಂಡ ತೇಜಸ್ 2001ರ ಜನವರಿ 4ರಂದು ಮೊದಲು ಹಾರಿದ್ದೂ ಅಮೆರಿಕದ ಎಂಜಿನ್ನಿನಿಂದಲೇ. ಅದಕ್ಕೆಂದು ಆರಂಭವಾದ ಕಾವೇರಿ ಎಂಜಿನ್ ಅದರೊಳಗೆ ಕೂರಲಿಲ್ಲ. ಮಾರುತ್ ಕಲಿಸಿದ ಪಾಠ ಹಳೆಯದಾಗಿಲ್ಲ: ಎಂಜಿನ್ ಕೈಯಲ್ಲಿಲ್ಲದವನು ಎಷ್ಟೇ ಒಳ್ಳೆಯ ರೆಕ್ಕೆ ಕಟ್ಟಿದರೂ, ಎಷ್ಟು ಎತ್ತರಕ್ಕೆ ಹಾರಬೇಕೆಂಬುದನ್ನು ಬೇರೆಯವರು ತೀರ್ಮಾನಿಸುತ್ತಾರೆ.